ಅಂಬಿಗಿತ್ತಿಯ ಅಲ್ಲೆಲೂಯ

ಹೊಸ ಹಾಡು ಕಟ್ಟುವುದೇ ಒಂದು ಪಾಡು. ಕಟ್ಟಿದ್ದು ಹೊಸದು ಅಂತ ಯಾರಿಗೂ ಗೊತ್ತಾಗಬಾರದು ಅನ್ನುವುದು ಅದಕ್ಕಿಂತ ದೊಡ್ಡ ಪಾಡು. ಲುವಾರ್ ನದಿಯ ದಂಡೆಯಲ್ಲಿರುವ ಸಂತ ಅರ್ಲೇನ ಮಠದಲ್ಲಿ ಗಾಯನದ ಹೊಣೆ ಹೊತ್ತಿದ್ದ ಸಿಸ್ಟರ್ ಕ್ಲೊತಿಲ್ದ್ ಆ ವರ್ಷ ಈ ಎರಡೂ ಪಾಡನ್ನು ಒಟ್ಟಿಗೇ ಪಟ್ಟಳು.

ಎರಡನೆಯ ಮಹಾಯುದ್ಧ ಮುಗಿದು ಒಂಬತ್ತು ವರ್ಷವಾಗಿತ್ತು. ಮಠಕ್ಕೆ ಒಂಬೈನೂರು ತುಂಬುವ ವರ್ಷ. ಸಂತ ಅರ್ಲೇನ ಅಂದರೆ ಯಾವುದೋ ಅರಮನೆಯ ಹೆಣ್ಣಲ್ಲ, ಅದೇ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ ಅಂಬಿಗಿತ್ತಿ. ಬೇರೆ ಅಂಬಿಗರು ಮುಟ್ಟಲೂ ಹೆದರುತ್ತಿದ್ದ ಕುಷ್ಠರೋಗಿಗಳನ್ನು ಕೈಹಿಡಿದು ಹತ್ತಿಸಿಕೊಂಡು ಆಚೆ ದಡ ಸೇರಿಸಿದವಳು. ಇಂಥವಳ ಹಬ್ಬಕ್ಕೆ ಅವಳದೇ ಅನ್ನುವ ಹಾಡು ಒಂದೂ ಇರಲಿಲ್ಲ ನೋಡಿ! ಬೇರೆ ಸಂತರ ಹಾಡನ್ನೇ ಎರವಲು ತಂದು, ಹೆಸರು ಬದಲಿಸಿ, ಇಷ್ಟು ಶತಮಾನ ನೂಕಿದ್ದರು. ಈ ಸಲ ಬಿಷಪರು ದೊಡ್ಡ ಮನಸ್ಸು ಮಾಡಿ ಅವಳ ಪೂಜೆಗೇ ಅಂತ ಲ್ಯಾಟಿನ್‌ನಲ್ಲಿ ಹೊಸ ಮಾತು ಬರೆಸಿ ಕಳಿಸಿದರು. ಜೊತೆಗೊಂದು ಕಾಗದ. ರಾಗ ನೀವೇ ಕೂರಿಸಿ, ಹಬ್ಬದ ದಿನ ನಮ್ಮ ಗಾಯನ ಪರೀಕ್ಷಕರಾದ ಫಾದರ್ ತಿಬೋದೋ ಬಂದು ಕೇಳುತ್ತಾರೆ, ಅವರು ಒಪ್ಪಿದರೆ ಇನ್ನು ಮುಂದೆ ಅದೇ ಹಾಡು, ಒಪ್ಪದಿದ್ದರೆ ಹಳೆಯ ಎರವಲೇ ಗಟ್ಟಿ ಅಂತ.

ಫಾದರ್ ತಿಬೋದೋ ಹೆಸರು ಕೇಳಿದರೆ ಸುತ್ತಲಿನ ಮಠಗಳ ಗಾಯಕಿಯರ ಗಂಟಲು ಒಣಗುತ್ತಿತ್ತು. ಹಾಡಿನಲ್ಲಿ ಹೊಸತನದ ವಾಸನೆ ಬಡಿದರೆ ಸಾಕು, ಮೂಗು ಮುರಿಯುವ ಮನುಷ್ಯ. ಒಮ್ಮೆ ಇನ್ನೊಂದು ಮಠದಲ್ಲಿ ಹಾಡು ಕೇಳಿ, "ನಾಟಕ ಕಂಪನಿ ಯಾವ ಊರಿಂದ ಬಂದಿದೆ?" ಅಂತ ಕೇಳಿದ್ದರಂತೆ.

ಕ್ಲೊತಿಲ್ದ್‌ಗೆ ಅವರ ನಿಯಮ ತಪ್ಪು ಅಂತೇನೂ ಅನ್ನಿಸುತ್ತಿರಲಿಲ್ಲ. ಸಾವಿರ ವರ್ಷದ ಈ ಹಾಡಿನಲ್ಲಿ ರಾಗಗಳು ಎಂಟೇ. ಒಂದೊಂದು ರಾಗಕ್ಕೂ ಅದರದೇ ತಿರುವು, ಅದರದೇ ನಿಲುಗಡೆ. ಹಾಡು ಕಟ್ಟುವವಳು ಆ ಹಳೆಯ ತುಂಡುಗಳನ್ನೇ ಕೌದಿ ಹೊಲಿದ ಹಾಗೆ ಜೋಡಿಸಬೇಕು. ಹೊಲಿಗೆ ಕಾಣಬಾರದು. ಹೊಲಿದವಳ ಹೆಸರಂತೂ ಎಲ್ಲೂ ಬರೆಯುವಂತಿಲ್ಲ. ಇಪ್ಪತ್ತು ವರ್ಷದಿಂದ ಇದೇ ಹಾಡು ಉಂಡು, ಉಟ್ಟು, ಹೊದ್ದವಳಿಗೆ ಇದೇನು ಕಷ್ಟ? ಮಠದ ಬಟ್ಟೆ ಇಸ್ತ್ರಿ ಮಾಡುತ್ತ ಮಾಡುತ್ತ ಮೂರು ವಾರದಲ್ಲಿ ಪೂಜೆಯ ಹಾಡುಗಳನ್ನೆಲ್ಲ ಕಟ್ಟಿ ಮುಗಿಸಿದಳು. ಉಳಿದದ್ದು ಅಲ್ಲೆಲೂಯ ಅನ್ನುವ ದೇವರ ಜಯಕಾರ ಒಂದೇ.

ಅಲ್ಲೆಲೂಯದ ಕೊನೆಯ 'ಯ' ಇದೆಯಲ್ಲ, ಅಲ್ಲಿಂದ ಮುಂದೆ ಮಾತಿಲ್ಲ. ಬರೀ 'ಆ' ಅಂತ ಆಲಾಪ. ಮಾತಿಗೆ ಸಿಗದಷ್ಟು ಸಂತೋಷವಾದಾಗ ಮನುಷ್ಯ ಏನು ಮಾಡುತ್ತಾನೋ ಅದು. ಆ ಆಲಾಪವನ್ನು ಕಟ್ಟುವಾಗ ಕ್ಲೊತಿಲ್ದ್‌ಗೆ ತನ್ನಪ್ಪನ ಕೂಗು ನೆನಪಾಯಿತು. ಅಪ್ಪ ಅದೇ ಹೊಳೆಯಲ್ಲಿ ನಾಲ್ಕು ಊರು ಕೆಳಗೆ ಅಂಬಿಗನಾಗಿದ್ದ. ಆಚೆ ದಡದಲ್ಲಿ ಯಾರಾದರೂ ಕಾದಿದ್ದರೆ, ಬಂದೆ ಅನ್ನುವುದಕ್ಕೆ ಎದೆ ತುಂಬ ಉಸಿರೆಳೆದು "ಓ...ಹೋ!" ಅನ್ನುತ್ತಿದ್ದ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜದಿಂದ ನೇರ ಪಂಚಮಕ್ಕೆ. ನಡುವೆ ಎಲ್ಲೂ ಕಾಲೂರದ ಜಿಗಿತ. ಅರ್ಲೇನಳೂ ಹಾಗೇ ಕೂಗಿರಬೇಕು, ರೋಗಿಗಳು ಅದನ್ನು ಕೇಳಿ ಎದ್ದು ನಿಂತಿರಬೇಕು ಅಂತ ಅನ್ನಿಸಿದ್ದೇ ತಡ, ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ಬಿಟ್ಟು, ಸ್ವರ ಬರೆಯುವ ನಾಲ್ಕು ಗೆರೆ ಎಳೆದು, ಚೌಕದ ಬೊಟ್ಟುಗಳನ್ನಿಟ್ಟು ಬರೆದೇಬಿಟ್ಟಳು. ಬರೆದು ಹಾಡಿಕೊಂಡರೆ ಕಣ್ಣಲ್ಲಿ ನೀರು. ಅಷ್ಟರಲ್ಲಿ ಅಮ್ಮನವರ ತಲೆವಸ್ತ್ರ ಒಂದು ಕಡೆ ಕಂದಿಹೋಗಿತ್ತು, ಆ ಮಾತು ಬೇರೆ.

ಮಠದಲ್ಲಿ ಎಲ್ಲರೂ 'ಅಮ್ಮ' ಅನ್ನುತ್ತಿದ್ದದ್ದು ಮಠಾಧಿಕಾರಿಣಿ ಮದರ್ ಯೂಫ್ರಾಸಿಗೆ. ಅವರು ಹಾಳೆಯನ್ನು ಎರಡು ಸಲ ಓದಿದರು. ಜಿಗಿತದ ಮೇಲೆ ಬೆರಳಿಟ್ಟರು.

"ಚೆನ್ನಾಗಿದೆ ಕಣೇ. ಆದ್ರೆ ಆ ಮಹಾನುಭಾವ ಇದನ್ನ ಕೇಳಿ ಸುಮ್ನಿರ್ತಾರಾ?"

"ಇದಿಲ್ಲದಿದ್ರೆ ಇದು ಅರ್ಲೇನಳ ಹಾಡೇ ಅಲ್ಲಮ್ಮ. ಬೇರೆ ಯಾರ ಹಬ್ಬಕ್ಕಾದ್ರೂ ಹಾಡಬಹುದು."

"ಹಟಮಾರಿ," ಅಂದರು ಅಮ್ಮ. ಆದರೆ ಹಾಳೆಯನ್ನು ತಿದ್ದದೆ ಹಿಂದಕ್ಕೆ ಕೊಟ್ಟರು.

ಕಷ್ಟ ಬಂದದ್ದು ಫಾದರ್ ತಿಬೋದೋ ಕಡೆಯಿಂದಲ್ಲ, ಕೋಳಿಗೂಡಿನ ಕಡೆಯಿಂದ.

ಕೋಳಿಗಳ ಉಸ್ತುವಾರಿ ಸಿಸ್ಟರ್ ಪ್ಲಾಸಿದ್‌ಳದು. ಎಪ್ಪತ್ತಾರು ವರ್ಷ. ಎಲ್ಲರಿಗೂ ಪ್ಲಾಸಿದಕ್ಕ. ಕಣ್ಣು ಮಂಜಾಗಿ ಪುಸ್ತಕ ಮುಚ್ಚಿ ಹತ್ತು ವರ್ಷವಾಗಿತ್ತು, ಮುಂದೆ ನಿಂತು ಕೈಯಾಡಿಸುವವಳೂ ಅವಳಿಗೆ ಒಂದು ಕಪ್ಪು ನೆರಳು ಅಷ್ಟೆ. ಆದರೆ ಕಂಠ! ಶ್ರುತಿ ಅಂದರೆ ಶ್ರುತಿ. ಹಾಡುವ ಇಪ್ಪತ್ತು ಜನರಲ್ಲಿ ಉಳಿದವರೆಲ್ಲ ಅವಳ ದನಿ ಹಿಡಿದೇ ನಡೆಯುತ್ತಿದ್ದರು. ಚಳಿಗಾಲದ ಬೆಳಗ್ಗೆ ಎಲ್ಲರ ಗಂಟಲು ಕಟ್ಟಿದ್ದಾಗಲೂ ಪ್ಲಾಸಿದಕ್ಕ ಬಾಯಿ ತೆರೆದರೆ ಹಾಡು ಹಳಿಗೆ ಬರುತ್ತಿತ್ತು.

ಮೊದಲ ಅಭ್ಯಾಸದ ದಿನ ಕ್ಲೊತಿಲ್ದ್ ಮುಂದೆ ನಿಂತು ಕೈ ಎತ್ತಿದಳು. ಈ ಹಾಡಿಗೆ ತಾಳವಿಲ್ಲ. ಹಾಡಿಸುವವಳ ಕೈ ಗಾಳಿಯಲ್ಲಿ ಏರಿಳಿಯುತ್ತ ದಾರಿ ತೋರಿಸುತ್ತದೆ. ಆಲಾಪ ಚೆನ್ನಾಗಿಯೇ ಬಂತು. ಜಿಗಿತದ ಹತ್ತಿರ ಬರುತ್ತಲೇ ಪ್ಲಾಸಿದಕ್ಕ ಜಿಗಿಯಲಿಲ್ಲ. ಸರಿಗಮಪ ಅಂತ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಹೋದಳು. ಆ ರಾಗದ ಹಳೆಯ ಹಾಡುಗಳೆಲ್ಲ ಆ ಜಾಗದಲ್ಲಿ ಹಾಗೇ ಹತ್ತುತ್ತವೆ, ಐವತ್ತೈದು ವರ್ಷದ ನಾಲಿಗೆ ಇನ್ನೇನು ಮಾಡೀತು? ಅವಳ ಹಿಂದೆ ಹದಿನೆಂಟು ಜನವೂ ಮೆಟ್ಟಿಲು ಹತ್ತಿದರು.

"ಅಕ್ಕಾ, ಅಲ್ಲಿ ಮೆಟ್ಟಿಲಿಲ್ಲ. ಹಾರಬೇಕು."

"ಹಾರಿದ್ನಲ್ಲೇ!"

"ಹತ್ತಿದ್ರಿ."

"ಈ ವಯಸ್ಸಲ್ಲಿ ಅದೇ ಹಾರೋದು ಕಣೇ," ಅಂದಳು ಪ್ಲಾಸಿದಕ್ಕ. ಎಲ್ಲರೂ ಗೊಳ್ ಅಂದರು.

ಮೊದಲ ವಾರ ನಗು. ಎರಡನೆಯ ವಾರ ನಗು ಬರಲಿಲ್ಲ. ಕ್ಲೊತಿಲ್ದ್ ಒಬ್ಬೊಬ್ಬರನ್ನೇ ಕರೆದು ಹೇಳಿಕೊಟ್ಟರೆ ಎಲ್ಲರೂ ಚಂದವಾಗಿ ಜಿಗಿಯುತ್ತಿದ್ದರು. ಒಟ್ಟಿಗೆ ನಿಂತು ಪ್ಲಾಸಿದಕ್ಕನ ದನಿ ಕಿವಿಗೆ ಬಿದ್ದರೆ ಮುಗಿಯಿತು, ಮತ್ತೆ ಮೆಟ್ಟಿಲು. ಒಂದು ದಿನ ಕ್ಲೊತಿಲ್ದ್‌ಗೆ ಪಿತ್ತ ನೆತ್ತಿಗೇರಿತು.

"ನಿಮ್ಮ ಕೋಳಿಗಳಿಗೆ ಹೇಳಿಕೊಟ್ಟಿದ್ರೂ ಇಷ್ಟು ಹೊತ್ತಿಗೆ ಕಲೀತಿದ್ವು!"

ಪ್ಲಾಸಿದಕ್ಕ ಮುಗುಳ್ನಕ್ಕಳು, ಆದರೆ ಮುಖದ ಬಣ್ಣ ಇಳಿದುಹೋಯಿತು. ಆಡಿದ ಮರುಕ್ಷಣವೇ ಕ್ಲೊತಿಲ್ದ್‌ಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೂ ಕ್ಷಮೆ ಕೇಳಲಿಲ್ಲ. ನೇರ ಅಮ್ಮನವರ ಕೋಣೆಗೆ ಹೋದಳು.

"ಆ ಒಂದು ದಿನ, ಒಂದೇ ಒಂದು ಹಾಡಿಗೆ, ಪ್ಲಾಸಿದಕ್ಕ ಬಾಯಿ ಮುಚ್ಚಿಕೊಂಡಿರಲಿ ಅಂತ ನೀವೇ ಹೇಳಿಬಿಡಿ ಅಮ್ಮಾ."

ಅಮ್ಮ ಕನ್ನಡಕ ತೆಗೆದರು. "ನಾನ್ಯಾಕೆ ಹೇಳ್ಲಿ? ಹಾಡಿಸೋಳು ನೀನು. ಹೋಗು, ನೀನೇ ಹೇಳು. ಮುಖ ನೋಡಿ ಹೇಳ್ಬೇಕು ಮತ್ತೆ."

ಕ್ಲೊತಿಲ್ದ್ ಹೋದಳು. ಕೋಳಿಗೂಡಿನ ಬಾಗಿಲಲ್ಲಿ ಪ್ಲಾಸಿದಕ್ಕ ಸ್ಟೂಲಿನ ಮೇಲೆ ಕೂತು, ಏಪ್ರನ್ನಿನ ತುಂಬ ಕಾಳು ಹಾಕಿಕೊಂಡು, ಒಂದು ಕಂದು ಹೇಟೆಗೆ ಬೈಯುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿದು, "ಬಾ ತಂಗಿ," ಅಂದಳು. "ಏನಕ್ಕೆ ಬಂದೆ ಅಂತ ಗೊತ್ತು. ನಾನು ಹಬ್ಬದ ದಿನ ಹಾಡೋದು ಬೇಡ, ಅಲ್ವಾ?"

ಕ್ಲೊತಿಲ್ದ್ ಬಾಯಿ ತೆರೆದಳು. ಹೌದು ಅನ್ನಬೇಕಾಗಿತ್ತು, ಅದಕ್ಕೇ ಬಂದದ್ದು. ಇಪ್ಪತ್ತು ವರ್ಷದ ಹಿಂದೆ ಅಂಬಿಗನ ಮಗಳು ನಡುಗುತ್ತ ಮೊದಲ ಸಲ ಹಾಡಿನ ಸಾಲಿನಲ್ಲಿ ನಿಂತಾಗ, ಪಕ್ಕದಲ್ಲಿ ನಿಂತು ಕಿವಿಯಲ್ಲಿ ಮೆಲ್ಲನೆ ಶ್ರುತಿ ಕೊಟ್ಟವಳು ಇವಳೇ.

"ಯಾರು ಹೇಳಿದ್ರು ನಿಮಗೆ? ನೀವಿಲ್ಲದೆ ಹಾಡೇ ಎಲ್ಲಿ? ನಾನು ಆಗ ಆಡಿದ್ದು ತಪ್ಪು ಅನ್ನೋಕೆ ಬಂದೆ."

"ಏನು ಆಡಿದ್ದೆ? ನಂಗೆ ಕಿವೀನೂ ಮಂದ," ಅಂತ ಪ್ಲಾಸಿದಕ್ಕ ಶುದ್ಧ ಸುಳ್ಳು ಹೇಳಿ ಎರಡು ಮೊಟ್ಟೆ ಅವಳ ಕೈಗಿಟ್ಟಳು. "ಆ ಜಿಗಿತ ಅಂದ್ರೆ ನಿಂಗೆ ಅಷ್ಟು ಇಷ್ಟಾನಾ?"

"ನಮ್ಮಪ್ಪನ ಕೂಗು ಅಕ್ಕ ಅದು."

ಪ್ಲಾಸಿದಕ್ಕ ಕಾಳು ಚೆಲ್ಲುತ್ತ ಕೂತಳು.

ಅದಾದ ಮೇಲೆ ಅಡುಗೆಮನೆಯ ಸಿಸ್ಟರ್ ಓದಿಲ್ ದಿನಾ ಒಂದು ದೂರು ತರತೊಡಗಿದಳು. ಕೋಳಿಗಳು ಮೊಟ್ಟೆ ಇಡುವುದು ಕಡಿಮೆ ಮಾಡಿವೆ, ಪ್ಲಾಸಿದಕ್ಕ ಹೊತ್ತಲ್ಲದ ಹೊತ್ತಲ್ಲಿ ಗೂಡಿನೊಳಗೆ ನಿಂತು ಕಿರಿಚಿ ಕಿರಿಚಿ ಅವುಗಳ ಜೀವ ತೆಗೆಯುತ್ತಾಳೆ, ಹಬ್ಬಕ್ಕೆ ಕೇಕ್ ಬೇಕಾದರೆ ಊರಿಂದ ಮೊಟ್ಟೆ ತರಿಸಿ, ಅಂತ. ಹಾಡಿನ ತಲೆಬಿಸಿಯಲ್ಲಿ ಕ್ಲೊತಿಲ್ದ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಬ್ಬಕ್ಕೆ ಹತ್ತು ದಿನ ಇರುವಾಗ ಪ್ಲಾಸಿದಕ್ಕನಿಗೆ ನೆಗಡಿ ಹಿಡಿಯಿತು. ಅಭ್ಯಾಸಕ್ಕೆ ಬರಬೇಡ, ಗಂಟಲು ಉಳಿಸಿಕೋ ಅಂತ ಅಮ್ಮ ಅಪ್ಪಣೆ ಕೊಟ್ಟರು.

ಈಗಾದರೂ ಉಳಿದವರು ಜಿಗಿದಾರು ಅಂದುಕೊಂಡರೆ, ಎಲ್ಲಿ! ತಿಂಗಳಿಡೀ ಅವಳ ಹಿಂದೆ ಹತ್ತಿ ಹತ್ತಿ ಅವರ ಗಂಟಲಲ್ಲೂ ಮೆಟ್ಟಿಲು ಕೂತುಬಿಟ್ಟಿತ್ತು. ಅರ್ಧ ಜನ ಜಿಗಿದರೆ ಅರ್ಧ ಜನ ಹತ್ತುತ್ತಿದ್ದರು. ಸಂತೆ ಗದ್ದಲ. ಕೊನೆಯ ಅಭ್ಯಾಸದಲ್ಲಿ ಕ್ಲೊತಿಲ್ದ್ ಸೋತುಹೋದಳು. ಫಾದರ್ ತಿಬೋದೋ ಮುಖ ಕಣ್ಣಮುಂದೆ ಬಂತು. ಜಿಗಿತಕ್ಕೆ ಹಟ ಹಿಡಿದು ಇಡೀ ಹಾಡು ಕಳೆದುಕೊಳ್ಳುವುದಕ್ಕಿಂತ ಹೋಗಲಿ ಅತ್ತ, ಅನ್ನಿಸಿತು. ಹಾಳೆಯಲ್ಲಿ ತಿದ್ದಲು ಮಾತ್ರ ಕೈ ಬರಲಿಲ್ಲ. ಆ ಜಾಗ ಬಂದಾಗ ಏನೂ ಹೇಳದೆ ಗಾಳಿಯಲ್ಲಿ ಕೈಯನ್ನು ಮೆಲ್ಲಗೆ, ಒಂದೊಂದೇ ಮೆಟ್ಟಿಲಾಗಿ ಏರಿಸಿದಳು. ಹದಿನೆಂಟು ದನಿ ಒಂದೇ ದನಿಯಾಗಿ ಹಿಂದೆ ಬಂತು. ಹಾಡು ನುಣ್ಣಗಿತ್ತು. ಅವಳಿಗೆ ಮಾತ್ರ ಅಪ್ಪನ ದೋಣಿಯನ್ನು ತಾನೇ ಹಗ್ಗ ಬಿಚ್ಚಿ ನೀರಿಗೆ ಬಿಟ್ಟಷ್ಟು ಸಂಕಟವಾಯಿತು.

ಹಬ್ಬ ಬಂತು. ಸೆಪ್ಟೆಂಬರಿನ ಒಳ್ಳೆಯ ಬಿಸಿಲು. ದ್ರಾಕ್ಷಿ ಕೊಯ್ಲಿಗೆ ಇನ್ನೊಂದು ವಾರವಿದ್ದದ್ದರಿಂದ ಊರಿನವರೆಲ್ಲ ಬಿಡುವಾಗಿದ್ದರು, ದೇವಾಲಯದಲ್ಲಿ ಕಾಲಿಡಲು ಜಾಗವಿಲ್ಲ. ಸಿಸ್ಟರ್‌ಗಳ ಜಾಗ ಬಲಿಪೀಠದ ಬಲಗಡೆ, ಕಬ್ಬಿಣದ ಜಾಲರಿಯ ಹಿಂದೆ. ಎದುರುಬದುರಾಗಿ ಎರಡು ಸಾಲು ಆಸನ, ನಡುವೆ ಖಾಲಿ ಕಲ್ಲುನೆಲ. ಫಾದರ್ ತಿಬೋದೋ ಪೀಠದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅಲ್ಲಿಂದ ಜಾಲರಿಯೊಳಗಿನದೆಲ್ಲ ಕಾಣುತ್ತಿತ್ತು. ತೆಳ್ಳನೆ ಮನುಷ್ಯ, ಕಣ್ಣು ಮುಚ್ಚಿದ್ದರು, ಕಿವಿ ಮುಚ್ಚಿರಲಿಲ್ಲ.

ನೆಗಡಿ ಬಿಟ್ಟ ಪ್ಲಾಸಿದಕ್ಕ ತನ್ನ ಜಾಗದಲ್ಲಿ ಬಂದು ನಿಂತಿದ್ದಳು. ಮೊದಲ ಹಾಡುಗಳು ನೀರಿನ ಹಾಗೆ ಹರಿದವು. ಫಾದರ್ ಒಮ್ಮೆಯೂ ಮೂಗು ಮುರಿಯಲಿಲ್ಲ. ಅಲ್ಲೆಲೂಯ ಬಂತು. ಆಲಾಪ ಶುರುವಾಯಿತು. ಜಿಗಿತದ ಜಾಗದಲ್ಲಿ ಕ್ಲೊತಿಲ್ದ್‌ಳ ಕೈ ಮೆಟ್ಟಿಲು ಹತ್ತಿತು, ಹದಿನೆಂಟು ದನಿಗಳೂ ಹತ್ತಿದವು.

ಅವುಗಳ ನೆತ್ತಿಯ ಮೇಲಿಂದ ಒಂದೇ ಒಂದು ದನಿ, ಎಪ್ಪತ್ತಾರು ವರ್ಷದ ದನಿ, ಎಲ್ಲೂ ಕಾಲೂರದೆ ನೇರ ಪಂಚಮಕ್ಕೆ ಜಿಗಿದು ನಿಂತಿತು.

ಕ್ಲೊತಿಲ್ದ್‌ಳ ಮೈ ಜುಂ ಅಂದಿತು. ಅಪ್ಪನ ಕೂಗೇ. ಚೂರೂ ಹೆಚ್ಚುಕಡಿಮೆ ಇಲ್ಲ. ಮೊಟ್ಟೆ ಯಾಕೆ ಕಡಿಮೆಯಾಯಿತು, ಕೋಳಿಗೂಡಿನಲ್ಲಿ ಕಿರಿಚಾಟ ಯಾಕೆ, ಎಲ್ಲ ಆ ಒಂದು ಉಸಿರಿನಲ್ಲಿ ಅರ್ಥವಾಯಿತು.

ಪ್ಲಾಸಿದಕ್ಕನ ಕಿವಿಗೆ ಬಿದ್ದದ್ದು ಬೇರೆ. ಎಲ್ಲರೂ ಒಂದು ಹಾಡಿದರು, ತಾನೊಬ್ಬಳೇ ಇನ್ನೊಂದು. ಅಂದಮೇಲೆ ತಪ್ಪು ತನ್ನದೇ. ಆ ಮಠದ ನೇಮ ಹಳೆಯದು. ದೇವರ ಮುಂದೆ ಹಾಡು ತಪ್ಪಿದವಳು ಯಾರೂ ಹೇಳುವ ತನಕ ಕಾಯುವಂತಿಲ್ಲ. ತಾನೇ ನಡುವೆ ಬಂದು ಮಂಡಿಯೂರಿ, ಅಮ್ಮ ಮರದ ಸುತ್ತಿಗೆಯಿಂದ ಕುರ್ಚಿಯ ಕೈ ತಟ್ಟುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ಆಲಾಪ ಮುಗಿಯುತ್ತಲೇ ಮುದುಕಿ ಆಸನ ಹಿಡಿದುಕೊಂಡು ಕೆಳಗಿಳಿದು, ಗಂಟುನೋವಿನ ಮಂಡಿಗಳನ್ನು ಕಲ್ಲಿಗೆ ಊರಿದಳು. ಮುಖ ಬೆಳ್ಳಗಾಗಿತ್ತು.

ಕ್ಲೊತಿಲ್ದ್ ಮುಂದೆ ಎರಡು ದಾರಿ. ಸುಮ್ಮನೆ ಕೈ ಎತ್ತಿ ಮುಂದಿನ ಸಾಲು ಹಾಡಿಸಿದರೆ ಆಯಿತು. ಮುದುಕಿ ಒಬ್ಬಳು ತಪ್ಪಿದಳು, ತಪ್ಪೊಪ್ಪಿಕೊಂಡಳು ಅಂತ ಫಾದರ್ ಮರೆತಾರು, ಹಾಡು ಗೆದ್ದೀತು. ಆದರೆ ಆ ಮಂಡಿಗಳನ್ನು ನೋಡಿಕೊಂಡು ಅವಳ ಕೈ ಏಳಲಿಲ್ಲ. ಹಾಳಾಗಿ ಹೋಗಲಿ ಹಾಡು! ಅವಳು ಸರಸರ ನಡುವೆ ಹೋಗಿ ಪ್ಲಾಸಿದಕ್ಕನ ಪಕ್ಕದಲ್ಲೇ ಮಂಡಿಯೂರಿದಳು.

ಹಾಡಿಸುವವಳೇ ಮಂಡಿಯೂರಿದ್ದನ್ನು ಆ ಮಠ ಕಂಡೇ ಇರಲಿಲ್ಲ. ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಮೊದಲು ಹೊಳೆದದ್ದು ಓದಿಲ್‌ಗೆ. ಹಾಳೆಯಲ್ಲಿರುವುದು ಜಿಗಿತ, ತಾವು ಹಾಡಿದ್ದು ಮೆಟ್ಟಿಲು. ಅವಳು ದಡದಡ ಇಳಿದು ಬಂದು ಮಂಡಿಯೂರಿದಳು. ಆಮೇಲೆ ಅವಳ ಪಕ್ಕದವಳು. ಎದುರಿನ ಸಾಲಿನಿಂದ ಇಬ್ಬರು. ನೋಡನೋಡುತ್ತ ಎರಡೂ ಸಾಲು ಖಾಲಿಯಾಗಿ, ಇಪ್ಪತ್ತು ಜನ ಆ ಪುಟ್ಟ ಕಲ್ಲುನೆಲದಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಮಂಡಿಯೂರಿದ್ದರು. ಹಾಡಲು ಒಬ್ಬರೂ ಉಳಿಯಲಿಲ್ಲ. ಫಾದರ್ ತಿಬೋದೋ ಕಣ್ಣು ತೆರೆದರು.

ಆಸನದಲ್ಲಿ ಉಳಿದವರು ಅಮ್ಮ ಒಬ್ಬರೇ. ತಮ್ಮದು ಕತ್ತೆಕಂಠ ಅಂತ ತಾವೇ ಹೇಳಿಕೊಂಡು ಬರೀ ತುಟಿ ಆಡಿಸುತ್ತಿದ್ದವರು, ಅವರಿಗೆ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಅವರು ಕೆಳಗಿನ ಇಪ್ಪತ್ತು ತಲೆಗಳನ್ನು ನೋಡಿದರು. ನಗು ತಡೆದುಕೊಳ್ಳಲು ಕೆನ್ನೆಯೊಳಗಿಂದ ಕಚ್ಚಿಕೊಂಡರು. ಸುತ್ತಿಗೆ ಎತ್ತಿ ಒಮ್ಮೆ ಟಕ್ ಅನ್ನಿಸಿದರು.

ಎಲ್ಲರೂ ಎದ್ದರು. ಜಾಗಕ್ಕೆ ಹಿಂದಿರುಗುವ ಹೊತ್ತಲ್ಲ ಅದು, ಪೂಜೆ ಕಾಯುತ್ತಿತ್ತು. ನಿಂತಲ್ಲೇ, ಭುಜಕ್ಕೆ ಭುಜ ತಾಗಿಸಿಕೊಂಡು, ಅರ್ಲೇನ ಹೊಳೆ ದಾಟಿಸಿದ ಸಾಲನ್ನು ಹಾಡಿದರು. ಅದು ಮುಗಿದ ಮೇಲೆ ಮತ್ತೆ ಅಲ್ಲೆಲೂಯ ಬರಬೇಕು. ಕ್ಲೊತಿಲ್ದ್‌ಗೆ ಕೈಯಾಡಿಸಲೂ ಜಾಗವಿರಲಿಲ್ಲ, ಒಂದು ಕೈ ಪ್ಲಾಸಿದಕ್ಕನ ಮೊಣಕೈ ಹಿಡಿದಿತ್ತು. "ಕೋಳಿಗೂಡಲ್ಲಿ ಹಾಡಿದ ಹಾಗೇ ಹಾಡಿ ಅಕ್ಕ," ಅಂತ ಪಿಸುಗುಟ್ಟಿದಳು.

ಆಲಾಪ ಏಳುತ್ತ ಬಂತು. ಆ ಜಾಗದಲ್ಲಿ ಪ್ಲಾಸಿದಕ್ಕ ಉಸಿರೆಳೆದುಕೊಂಡದ್ದು ಎಲ್ಲರ ಮೈಗೂ ತಾಗಿತು. ಅವಳು ಜಿಗಿದಳು. ಇಪ್ಪತ್ತೂ ಜನ ಜಿಗಿದರು. ಕಲ್ಲಿನ ಕಮಾನು ಗುಂಯ್ ಅಂತ ತುಂಬಿ, ಆ ಪಂಚಮ ಆಚೆ ದಡ ಮುಟ್ಟಿದ ಹಾಗೆ ನಿಂತಿತು. ಜನರ ಸಾಲಿನಲ್ಲಿದ್ದ ಹಳೆಯ ಅಂಬಿಗರು ತಲೆ ಎತ್ತಿದರು. ಕ್ಲೊತಿಲ್ದ್ ಹಾಡುತ್ತಲೇ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ಇಂಥ ಸಂತೋಷ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಪೂಜೆ ಮುಗಿದು, ಜಾಲರಿಯ ಆಚೆ ಫಾದರ್ ತಿಬೋದೋ, ಈಚೆ ಅಮ್ಮ ಮತ್ತು ಕ್ಲೊತಿಲ್ದ್. ಫಾದರ್ ಮುಂದೆ ಕೇಕಿನ ತಟ್ಟೆ ಇತ್ತು, ಮುಟ್ಟಿರಲಿಲ್ಲ.

"ಆ ಜಿಗಿತ," ಅಂದರು. "ಯಾವ ಹಳೇ ಪುಸ್ತಕದಲ್ಲಿ ಸಿಕ್ತು?"

"ಪುಸ್ತಕದ್ದಲ್ಲ ಫಾದರ್. ಹೊಳೆಯದ್ದು. ಅಂಬಿಗರ ಕೂಗು."

"ಹಾಗಾದ್ರೆ ಪುಸ್ತಕಕ್ಕಿಂತ ಹಳೇದು," ಅಂದರು ಅವರು. ಹುಬ್ಬು ಮಾತ್ರ ಗಂಟಿಕ್ಕಿಯೇ ಇತ್ತು. "ಮೊದಲ ಸಲ ಮೆಟ್ಟಿಲು ಹತ್ತಿಸಿದ್ರಿ. ಒಬ್ಬರೇ ಜಿಗಿದ್ರು. ಆಮೇಲೆ ಎಲ್ಲರೂ ಇಳಿದು ಬಂದು ಮಂಡಿಯೂರಿದ್ರಿ. ಎದ್ದು ಎಲ್ಲರೂ ಜಿಗಿದ್ರಿ. ನಲವತ್ತು ವರ್ಷದಿಂದ ಮಠ ಸುತ್ತಿದ್ದೀನಿ, ಇಂಥದ್ದು ಕಂಡಿಲ್ಲ. ಇದು ನಿಮ್ಮ ಮಠದ ಪದ್ಧತಿಯಾ?"

"ಫಾದರ್, ಅದು ತಪ್ಪು... ತಪ್ಪು ನನ್ನದು. ನಿಮಗೆ ಹೆದರಿ ನಾನೇ ಕೈ..." ಅಂತ ಕ್ಲೊತಿಲ್ದ್ ಶುರುಮಾಡಿದಳು.

"ಇವತ್ತಿಂದ ಪದ್ಧತಿ," ಅಂದರು ಅಮ್ಮ.

ಫಾದರ್ ತಿಬೋದೋ ಇಬ್ಬರನ್ನೂ ನೋಡಿದರು. ಆಮೇಲೆ ಪೆನ್ನು ತೆಗೆದು ಹಾಳೆಯ ಕೆಳಗೆ ಸಹಿ ಹಾಕಿದರು. ಸಹಿಯ ಮೇಲೆ ಒಂದು ಸಾಲೂ ಬರೆದರು, ಹಾಡಿದಂತೆಯೇ ಇರಲಿ, ಮಂಡಿಯೂರುವುದೂ ಸೇರಿ, ಅಂತ. ಬರೆದು ಮುಗಿಸಿ ಕೇಕಿಗೆ ಕೈ ಹಾಕಿದರು.

ಕ್ಲೊತಿಲ್ದ್ ಹಾಳೆ ಹಿಡಿದುಕೊಂಡು ಓಡಿದಳು. ಮಠದಲ್ಲಿ ಓಡುವಂತಿಲ್ಲ, ಆದರೂ ಓಡಿದಳು. ಕೋಳಿಗೂಡಿನ ಬಾಗಿಲಲ್ಲಿ ಪ್ಲಾಸಿದಕ್ಕ ಸ್ಟೂಲಿನ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದಳು.

"ನನ್ನಿಂದ ಹಾಡು ಕೆಟ್ಟಿತಾ ತಂಗಿ? ನಿಜ ಹೇಳು. ನಿಂಗೋಸ್ಕರ ತಿಂಗಳಿಡೀ ಕಲಿತಿದ್ದೆ ಕಣೇ. ಅಲ್ಲಿ ನಿಂತ್ರೆ ನಾನೊಬ್ಳೇ! ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ನಾನು ತಪ್ಪಿದ್ದು ಎಲ್ಲಿ?"

ಕ್ಲೊತಿಲ್ದ್ ಕಾಳು, ಪುಕ್ಕ, ಹಿಕ್ಕೆ ಏನೂ ನೋಡದೆ ಅವಳ ಮುಂದೆ ನೆಲದಲ್ಲೇ ಕೂತು, ಆ ಎರಡೂ ಮಂಡಿಗಳ ಮೇಲೆ ತಲೆಯಿಟ್ಟಳು.

"ನೀವು ತಪ್ಪಲೇ ಇಲ್ಲಕ್ಕ. ತಪ್ಪಿದ್ದು ನಾವು ಹತ್ತೊಂಬತ್ತು ಜನ."